ಮಕ್ಕಳ ಕೈಯಲ್ಲಿ ಲಾವಂಚದ ಕಂಪು

ಬಟ್ಟೆಗಳ ನಡುವೆ ನಾವಿಡುವ ನುಸಿಗುಳಿಗೆಯು ಮಕ್ಕಳ ಕಣ್ಣಿಗೆ ಪೆಪ್ಪರಮಿಂಟಿನಂತೆ ತೋರುತ್ತದೆ. ಅದರಲ್ಲಿರುವ ನ್ಯಾಫ್ತಲೀನ್ ಹೊಟ್ಟೆ ಸೇರಿದರೆ ರಕ್ತದ ಕೆಂಪುಕಣಗಳು ಒಡೆದು ಪ್ರಾಣಾಪಾಯವಾಗಬಹುದು. ಮಗು ನುಂಗಿದ್ದರೆ ಹಾಲು ಕುಡಿಸದೆ, ವಾಂತಿ ಮಾಡಿಸದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಅದರ ಬದಲು ಹಿರಿಯರಂತೆ ನಾವೂ ಲಾವಂಚವನ್ನಿಡೋಣ. ಆಯುರ್ವೇದದಲ್ಲಿ ‘ಉಶೀರ’ವೆನಿಸಿದ ಈ ಹುಲ್ಲಿನ ಸುಗಂಧವು ಬೇರಿನಲ್ಲಿದೆ; ಅದು ಶೀತವೀರ್ಯ, ಪಿತ್ತದಾಹಶಾಮಕ. ಬೇರಿನ ಮಣ್ಣು ತೊಳೆದು ನೆರಳಿನಲ್ಲಿ ಪೂರ್ಣ ಒಣಗಿಸಬೇಕು. ತೇವವುಳಿದರೆ ಬೂಷ್ಟು ಹಿಡಿಯುತ್ತದೆ. ದೊಡ್ಡವರು ಗೇಣುದ್ದ ಕತ್ತರಿಸಿಕೊಡಲಿ. ಮಕ್ಕಳು ಹಿಡಿಯಷ್ಟು ಬೇರನ್ನು ನೂಲಿನಿಂದ ಸುತ್ತಿ ಕಟ್ಟಲಿ, ಇಲ್ಲವೆ ಹಳೆಯ ಹತ್ತಿಬಟ್ಟೆಯ ಪುಟ್ಟ ಚೀಲದಲ್ಲಿ ತುಂಬಲಿ. ಕಂಪು ಕುಂದಿದಾಗ ನೀರು ಚಿಮುಕಿಸಿ ಪುನಃ ಒಣಗಿಸಿದರೆ ಪರಿಮಳ ಮರಳುತ್ತದೆ. ತಾನೇ ಕಟ್ಟಿದ ಗಂಟನ್ನು ಅಜ್ಜಿಯ ಸೀರೆಗಳ ನಡುವೆ ಇಡುವ ಮಗುವಿನ ಸಂತೋಷವೂ ಆರೋಗ್ಯವೇ ಎಂದು ನಾವು ಭಾವಿಸುತ್ತೇವೆ.