ಎರಡು ಪಾಯಿಂಟ್‌ಗಳ ಹಿಂದಿನ ಹದಿನಾರು ವರ್ಷ

2017ರ ಜುಲೈ ಕೊನೆಯ ವಾರ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಹೆಣ್ಣುಮಕ್ಕಳು ಕಜಕಸ್ತಾನವನ್ನು 75–73ರಿಂದ ಸೋಲಿಸಿದರು. ಮಹಿಳೆಯರ ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲಿನ ಬಿ ವಿಭಾಗದ ಫೈನಲ್ ಅದು. ಆ ಗೆಲುವಿನಿಂದ ತಂಡ ಎ ವಿಭಾಗಕ್ಕೆ ಏರಿತು. ಕರ್ನಾಟಕದ ಪಿ. ಯು. ನವನೀತಾ, ಪುಣೆಯ ಶಿರೀನ್ ಲಿಮಯೆ ಆ ತಂಡದಲ್ಲಿದ್ದರು. ನಾಯಕಿ ಚೆನ್ನೈನ ಅನಿತಾ ಪಾಲ್‌ದುರೈ. ಆಗ ಅವರಿಗೆ 32 ವರ್ಷ. 2001ರಿಂದ ದೇಶಕ್ಕಾಗಿ ಆಡುತ್ತ ಬಂದಿದ್ದರು.

ಹೆಣ್ಣುಮಕ್ಕಳಿಗೆ ಸ್ಥಿರವಾದ ವೃತ್ತಿಪರ ಲೀಗೇ ಇಲ್ಲದ ದೇಶದಲ್ಲಿ ಒಬ್ಬ ಆಟಗಾರ್ತಿ ಇಷ್ಟು ಕಾಲ ಆಡಿದ್ದು ಹೇಗೆ? ನನ್ನ ಮಟ್ಟಿಗೆ ಅನಿತಾ ಅವರ ಕಥೆಯಲ್ಲಿ ಪದಕಗಳಿಗಿಂತ ಮುಖ್ಯವಾದದ್ದು ಈ ಪ್ರಶ್ನೆ.

ಮೊದಲ ಕಾರಣ ಅವರು ಹುಟ್ಟಿದ ಊರು ಚೆನ್ನೈ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಈ ಆಟವನ್ನು ರೂಪಿಸಿದರು. ಅಲ್ಲಿಯೇ ಕಲಿತ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ತೆರೆದರು. ಅಲ್ಲಿ ತರಬೇತಿ ಪಡೆದ ಮಾಸ್ತರರ ಜೊತೆಗೆ ಬುಟ್ಟಿ ಚೆಂಡು ದಕ್ಷಿಣದ ಶಾಲೆಗಳನ್ನು ಹೊಕ್ಕಿತು. ಓಟ, ವಾಲಿಬಾಲ್ ಆಡಿಕೊಂಡಿದ್ದ ಹುಡುಗಿ ಬ್ಯಾಸ್ಕೆಟ್‌ಬಾಲಿನತ್ತ ಹೊರಳಲು ಬೇಕಾದ ಕೋರ್ಟು, ಕೋಚು, ಎದುರಾಳಿ ಎಲ್ಲವೂ ಚೆನ್ನೈನಲ್ಲಿ ಮೊದಲೇ ಇದ್ದವು. 19ನೆಯ ವಯಸ್ಸಿಗೆ ಅನಿತಾ ಭಾರತ ತಂಡದ ನಾಯಕಿಯಾದರು.

ಎರಡನೆಯ ಕಾರಣ ರೈಲ್ವೆ. ಅಕ್ಕಲಕೋಟ ತಾಲ್ಲೂಕಿನ ಕರಜಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವರಿಗೆ ಹತ್ತಿರದ ಸೊಲ್ಲಾಪುರ ಮಧ್ಯ ರೈಲ್ವೆಯ ವಿಭಾಗ ಕೇಂದ್ರ. ಅಕ್ಕಲಕೋಟ ರೋಡ್ ನಿಲ್ದಾಣ ದಾಟಿ ಕಲಬುರಗಿ, ವಾಡಿ, ರಾಯಚೂರಿನತ್ತ ಹೋಗುವ ಹಳಿ ಕೊನೆಗೆ ಚೆನ್ನೈ ಮುಟ್ಟುತ್ತದೆ. ರೈಲ್ವೆ ನೌಕರಿ ಸಿಕ್ಕಿತೆಂದರೆ ಮನೆ ನೆಲೆ ನಿಂತಂತೆ ಎಂಬುದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಕ್ರೀಡಾ ಕೋಟಾದಲ್ಲಿ ಸೇರಿದವರಿಗೆ ತಿಂಗಳ ಪಗಾರದ ಜೊತೆಗೆ ಅಭ್ಯಾಸಕ್ಕೆ ಬಿಡುವು, ಪಂದ್ಯಾವಳಿಗೆ ವಿಶೇಷ ರಜೆ, ದೊಡ್ಡ ಪದಕ ಗೆದ್ದರೆ ಬಡ್ತಿಯೂ ಉಂಟು. ಆಡಿದ್ದು ಸಾಕು, ಇನ್ನು ಮದುವೆ ನೋಡೋಣ ಎಂದು ಹಿರಿಯರು ಎತ್ತುವ ಮಾತಿಗೆ ಎಷ್ಟೋ ಹುಡುಗಿಯರ ಬಳಿ ಇದ್ದ ಉತ್ತರ ಈ ಪಗಾರ ಒಂದೇ. ಅನಿತಾ ದಕ್ಷಿಣ ರೈಲ್ವೆಯ ನೌಕರರು. ಅವರ ಜೊತೆ ಆಡಿದ ಕೇರಳದ ಗೀತು ಅನ್ನಾ ಜೋಸ್ ಕೂಡ ಅಲ್ಲಿಯವರೇ. ಗೀತು ಆಸ್ಟ್ರೇಲಿಯದ ರಿಂಗ್‌ವುಡ್ ಹಾಕ್ಸ್ ಪರ ಆಡಿದವರು, 2011ರಲ್ಲಿ ಅಮೆರಿಕದ ಮಹಿಳಾ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎ ತಂಡಗಳ ಆಯ್ಕೆ ಪರೀಕ್ಷೆಗೂ ಹೋದವರು. ಅಂಥವರಿಗೂ ಅನ್ನ ಕೊಟ್ಟದ್ದು ರೈಲ್ವೆಯೇ.

ಇದಕ್ಕೆ ತೆತ್ತ ಬೆಲೆಯೂ ಇದೆ. ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ರೈಲ್ವೆ ಯಾವ ರಾಜ್ಯಕ್ಕೂ ಸೇರದ ಪ್ರತ್ಯೇಕ ತಂಡ. ನೌಕರಿ ಸಿಕ್ಕ ಹುಡುಗಿ ಮರುವರ್ಷ ತನ್ನ ರಾಜ್ಯದ ಎದುರೇ ನಿಲ್ಲುತ್ತಾಳೆ. ರಾಜ್ಯಗಳು ಬೆಳೆಸಿದ್ದನ್ನು ರೈಲ್ವೆ ಕೊಯ್ದುಕೊಂಡಿತು ಎಂಬ ದೂರು ಸುಳ್ಳಲ್ಲ. ಆದರೆ ರೈಲ್ವೆ ಇಲ್ಲದಿದ್ದರೆ ಆ ಬೆಳೆ ಕಾಲೇಜು ಮುಗಿಯುವಷ್ಟರಲ್ಲೇ ಒಣಗುತ್ತಿತ್ತು ಎಂದು ನಾನು ನಂಬಿದ್ದೇನೆ.

ಹಿರಿಯರ ಏಷ್ಯಾ ಚಾಂಪಿಯನ್‌ಷಿಪ್‌ನಲ್ಲಿ ಸತತ ಒಂಬತ್ತು ಬಾರಿ ಆಡಿದ ಮೊದಲ ಭಾರತೀಯ ಆಟಗಾರ್ತಿ ಅನಿತಾ. 2013ರಲ್ಲಿ ದೋಹಾದಲ್ಲಿ ಭಾರತದ ಮಹಿಳೆಯರು ಮೂವರ ವಿರುದ್ಧ ಮೂವರು ಆಡುವ 3x3 ಬ್ಯಾಸ್ಕೆಟ್‌ಬಾಲಿನಲ್ಲಿ ಏಷ್ಯಾದ ಚಿನ್ನ ಗೆದ್ದರು. ಅನಿತಾ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

ಬೆಂಗಳೂರಿನಲ್ಲಿ ಗೆದ್ದ ಜಾಗವನ್ನು ಮಾತ್ರ ತಂಡ ಉಳಿಸಿಕೊಳ್ಳಲಿಲ್ಲ. 2019ರಲ್ಲಿ ಅದೇ ಕಂಠೀರವದಲ್ಲಿ ಎ ವಿಭಾಗದ ಎಂಟು ತಂಡಗಳಲ್ಲಿ ಭಾರತ ಕೊನೆಯದಾಯಿತು. 2021ರಲ್ಲಿ ಅಮ್ಮಾನ್‌ನಲ್ಲಿ ಮತ್ತೆ ಬಿ ವಿಭಾಗಕ್ಕೆ ಇಳಿಯಿತು. ಇದಕ್ಕೆ ರೈಲ್ವೆ ನೌಕರಿಯನ್ನು ದೂರುವಂತಿಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಜಪಾನಿನ ಆಟಗಾರ್ತಿಯರ ಬೆನ್ನಿಗೂ ನಿಂತಿರುವುದು ಎನಿಯಾಸ್, ಟೊಯೊಟಾ, ಡೆನ್ಸೊ, ಫುಜಿತ್ಸುವಿನಂಥ ಕಂಪನಿಗಳೇ. ನೌಕರಿಯ ಆಸರೆಯಲ್ಲಿ ಆಡುವುದು ಕೊರತೆಯಲ್ಲ. ಆದರೆ ಅಲ್ಲಿ ಆ ಕಂಪನಿಗಳ ತಂಡಗಳು ಅಕ್ಟೋಬರ್‌ನಿಂದ ವಸಂತದವರೆಗೆ ಒಂದರ ಮೇಲೊಂದು ಲೀಗ್ ಪಂದ್ಯ ಆಡುತ್ತವೆ. ನಮ್ಮ ರೈಲ್ವೆ ತಂಡಕ್ಕೆ ಅಷ್ಟು ದೀರ್ಘವಾದ ಲೀಗನ್ನು ಯಾರೂ ಕಟ್ಟಿಕೊಡಲಿಲ್ಲ.