ರಕ್ತದಲ್ಲಿ ಗಾಳಿಗುಳ್ಳೆ

ಉಸಿರಾಗಿ ಜೀವವನ್ನು ಕಾಯುವ ಗಾಳಿಯೇ ದಾರಿ ತಪ್ಪಿ ರಕ್ತನಾಳವನ್ನು ಹೊಕ್ಕರೆ ಏನಾದೀತು? ಸಿ.ಟಿ. ಸ್ಕ್ಯಾನಿಗಾಗಿ ಮಲಗಿದ ರೋಗಿಗೆ, ತೋಳಿಗೆ ಜೋಡಿಸಿದ ನಳಿಗೆಯಲ್ಲಿ ಸಾಸುವೆಯಷ್ಟು ಗುಳ್ಳೆಯೊಂದು ಕಂಡರೂ ಎದೆ ಝಲ್ಲೆನ್ನುವುದು ಸಹಜ.

1971ರಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡರ ಯಂತ್ರವು ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳಿನ ಚಿತ್ರವನ್ನು ತೆಗೆಯಿತು. ಇಂದು ಅಂಗಾಂಗಗಳು ಸ್ಫುಟವಾಗಿ ಕಾಣಲೆಂದು ಅನೇಕ ಪರೀಕ್ಷೆಗಳಲ್ಲಿ ಅಯೊಡಿನ್ ಬೆರೆತ ದ್ರವವನ್ನು ಅಭಿಧಮನಿಗೆ ಹಾಯಿಸುತ್ತಾರೆ. ಯಂತ್ರದ ಪಿಚಕಾರಿ ಅದನ್ನು ಸೆಕೆಂಡಿಗೆ 3ರಿಂದ 5 ಮಿಲಿಲೀಟರಿನಂತೆ ನೂಕಬಲ್ಲುದು. ಆಗ ಮೈಯೆಲ್ಲ ಬಿಸಿಯಾದಂತೆ ತೋರುವುದು ದ್ರವದ ಗುಣವೇ ಹೊರತು ಗಾಳಿಯ ಕೃತ್ಯವಲ್ಲ.

ದ್ರವದೊಡನೆ ಒಂದೆರಡು ಕಿರುಗುಳ್ಳೆಗಳು ಒಳಹೋಗುವುದು ಅಪರೂಪವೇನಲ್ಲ. ಚಿತ್ರಗಳಲ್ಲಿ ಅವು ಹೃದಯದ ಬಲಭಾಗದಲ್ಲೋ ಶ್ವಾಸಕೋಶದ ಧಮನಿಯಲ್ಲೋ ಕರಿಯ ಚುಕ್ಕೆಗಳಾಗಿ ಕಾಣುತ್ತವೆ. ಶ್ವಾಸಕೋಶದ ಸೂಕ್ಷ್ಮನಾಳಗಳು ಜರಡಿಯಂತೆ ಅವನ್ನು ತಡೆಹಿಡಿಯುತ್ತವೆ. ಗಾಳಿ ಕ್ರಮೇಣ ಉಸಿರಿನೊಡನೆ ಹೊರಬೀಳುತ್ತದೆ. ರೋಗಿಗೆ ಅದರ ಅರಿವೂ ಆಗುವುದಿಲ್ಲ.

ಪ್ರಮಾಣವೂ ವೇಗವೂ ಮಿತಿಮೀರಿದಾಗ ಮಾತ್ರ ಕಥೆ ಬೇರೆ. ಗಾಳಿ ಹೊಕ್ಕ ನೀರಿನ ಪಂಪು ತಿರುಗುತ್ತಿದ್ದರೂ ನೀರನ್ನೆತ್ತಲಾರದು; ಹಾಗೆಯೇ ನೊರೆ ತುಂಬಿದ ಬಲಹೃದಯವು ಮಿಡಿಯುತ್ತಿದ್ದರೂ ಶ್ವಾಸಕೋಶಕ್ಕೆ ರಕ್ತವನ್ನು ಕಳುಹಿಸಲಾರದು. ವಯಸ್ಕರಲ್ಲಿ 200ರಿಂದ 300 ಮಿಲಿಲೀಟರು ಗಾಳಿ ಒಮ್ಮೆಗೇ ನುಗ್ಗಿದರೆ ಪ್ರಾಣಾಂತಿಕವೆಂದು ಅಂದಾಜು. ಅದಕ್ಕಿಂತ ಕಡಿಮೆಯೂ ಕೇಡು ಮಾಡಬಹುದು. ಇದಲ್ಲದೆ, ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೃದಯದ ಮೇಲಣ ಎರಡು ಕೋಣೆಗಳ ನಡುವೆ ಜನ್ಮಕಾಲದ ಕಿರುದ್ವಾರ ಪೂರ್ತಿಯಾಗಿ ಮುಚ್ಚಿರುವುದಿಲ್ಲ. ಅಲ್ಲಿಂದ ನುಸುಳಿದ ಗುಳ್ಳೆ ಮಿದುಳನ್ನು ಸೇರಿ ಪಾರ್ಶ್ವವಾಯುವನ್ನು ತರಬಹುದು.

ದೊಡ್ಡ ಅನಾಹುತಕ್ಕೆ ಕಾರಣ ಬಹುಮಟ್ಟಿಗೆ ಸಣ್ಣ ಮರೆವು: ದ್ರವ ತುಂಬದ ಪಿಚಕಾರಿ, ಸಡಿಲವಾದ ಜೋಡಣೆ. ಆದ್ದರಿಂದಲೇ ಪಿಚಕಾರಿಯನ್ನು ಮೂತಿ ಮೇಲಾಗಿ ಹಿಡಿದು ಗಾಳಿಯನ್ನು ಹೊರದೂಡುತ್ತಾರೆ. ದ್ರವವನ್ನು ಹಾಯಿಸುವಾಗ ಮೂತಿಯನ್ನು ಕೆಳಕ್ಕೆ ತಿರುಗಿಸುತ್ತಾರೆ. ಉಳಿದ ಗುಳ್ಳೆ ಆಗ ಹಿಂಬದಿಗೇರಿ ನಿಲ್ಲುತ್ತದೆ. ಗಾಳಿಯನ್ನು ಪತ್ತೆಹಚ್ಚುವ ಯಂತ್ರಗಳೂ ಬಂದಿವೆ. ಆದರೂ ನಳಿಗೆಯನ್ನು ಕಣ್ಣಾರೆ ನೋಡುವ ಕೆಲಸ ಮನುಷ್ಯನದೇ. ಬೆಳಗಿನಿಂದ ಹತ್ತಾರು ರೋಗಿಗಳನ್ನು ಕಂಡ ಮೇಲೂ ಅದೇ ಎಚ್ಚರ ಬೇಕು.

ದ್ರವ ಹಾಯುವಾಗ ಏದುಸಿರು, ಎದೆನೋವು, ಕೆಮ್ಮು, ತಲೆಸುತ್ತು ಕಂಡರೆ ರೋಗಿ ಸಂಕೋಚಪಡದೆ ಕೂಡಲೇ ಹೇಳಬೇಕು. ಗಾಳಿ ಹೊಕ್ಕಿತೆಂಬ ಶಂಕೆ ಬಂದರೆ ವೈದ್ಯರು ದ್ರವವನ್ನು ನಿಲ್ಲಿಸಿ, ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ ಶುದ್ಧ ಆಮ್ಲಜನಕವನ್ನು ಕೊಡುತ್ತಾರೆ. ನಳಿಗೆಯ ಸಾಸುವೆಗುಳ್ಳೆಗೆ ಹೆದರಿ ಅವಶ್ಯವಾದ ಪರೀಕ್ಷೆಯನ್ನೇ ಬಿಡಬೇಕಾಗಿಲ್ಲ. ಆದರೆ ಅದು ಕಣ್ಣಿಗೆ ಬಿದ್ದಾಗ ದಾದಿಗೆ ತೋರಿಸಿ ಕೇಳುವುದರಲ್ಲಿ ತಪ್ಪೇನೂ ಇಲ್ಲ.