ಹದಿನೆಂಟು ದಿನದ ಲೀಗು, ಉಳಿದ ದಿನ ಯಾರ ಪಾಲು?

ಹ್ಯಾಂಡ್‌ಬಾಲ್ ಅಂದ ತಕ್ಷಣ ನಮ್ಮ ಕಡೆ ಅರ್ಧ ಜನ "ವಾಲಿಬಾಲಾ?" ಅಂತಾರೆ. ಉಳಿದರ್ಧ "ಥ್ರೋಬಾಲ್ ಇರಬೇಕು ಬಿಡ್ರೀ" ಅಂತಾರೆ. ಎರಡೂ ಅಲ್ಲ ಸ್ವಾಮಿ. ಅಂಗಡಿ ಬಾಗಿಲು ಎಳೆಯುವ ಮುಂಚೆ, ಊರಿನ ಬಸ್ಸು ಬರುವ ಮುಂಚೆ ಹತ್ತು ನಿಮಿಷ ಬಿಡುವಿದ್ದರೆ ಈ ಆಟದ ಕಥೆ ಕೇಳಿ. ಇದರಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಮಕ್ಕಳಿಗೂ ಒಂದು ಪಾಲಿದೆ. ಆ ಪಾಲು ಕೈಗೆ ಬರುವ ಮುಂಚೆಯೇ ಜಾರಿ ಹೋಗುತ್ತಿದೆ.

ಏನಿದು ಆಟ?

40 ಮೀಟರ್ ಉದ್ದ, 20 ಮೀಟರ್ ಅಗಲದ ಅಂಕಣ. ಕಡೆಗೆ ಏಳು ಮಂದಿ, ಅವರಲ್ಲಿ ಒಬ್ಬ ಗೋಲಿ. ಗೋಲಿನ ಬಾಯಿ 3 ಮೀಟರ್ ಅಗಲ, 2 ಮೀಟರ್ ಎತ್ತರ. ಚೆಂಡು ಕೈಯಲ್ಲಿ ಹಿಡಿದು ಮೂರು ಹೆಜ್ಜೆಗಿಂತ ಹೆಚ್ಚು ಇಡುವಂತಿಲ್ಲ, ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಇಟ್ಟುಕೊಳ್ಳುವಂತಿಲ್ಲ. ಗೋಲಿನ ಮುಂದೆ 6 ಮೀಟರ್ ದೂರದಲ್ಲಿ ಗೆರೆ. ಗೆರೆಯ ಒಳಗೆಲ್ಲ ಗೋಲಿಯದೇ ರಾಜ್ಯ, ಬೇರೆಯವರು ಕಾಲಿಡುವ ಹಾಗಿಲ್ಲ. ಅದಕ್ಕೇ ಹೊರಗಿಂದ ಜಿಗಿದು, ಕಾಲು ನೆಲಕ್ಕೆ ತಾಗುವ ಮುಂಚೆ ಚೆಂಡು ಬೀಸಬೇಕು. ನೋಡುವ ಕಣ್ಣಿಗೆ ಹಬ್ಬ ಅದೇ.

ಅರ್ಧ ಅರ್ಧ ಗಂಟೆಯ ಎರಡು ಸರದಿ. ಒರಟಾಟ ಆಡಿದವನು ಎರಡು ನಿಮಿಷ ಹೊರಗೆ ಕೂರಬೇಕು, ಅಷ್ಟು ಹೊತ್ತು ಅವನ ತಂಡ ಒಬ್ಬ ಕಡಿಮೆ ಇಟ್ಟುಕೊಂಡೇ ಆಡಬೇಕು. ಎರಡೂ ಕಡೆ ಸೇರಿ ಐವತ್ತು ಗೋಲು ಬೀಳುವುದು ಮಾಮೂಲು. ಫುಟ್‌ಬಾಲಿನಲ್ಲಿ ಒಂದೇ ಒಂದು ಗೋಲಿಗೆ ಒಂದೂವರೆ ಗಂಟೆ ಕಾದು ಕೂತವರಿಗೆ ಇದರ ಬೆಲೆ ಗೊತ್ತಾಗುತ್ತೆ.

ಜೈಪುರದಲ್ಲಿ ನಡೆದದ್ದು

ಕಬಡ್ಡಿಗೆ 2014ರಲ್ಲಿ ಪ್ರೊ ಲೀಗ್ ಬಂತು, ಹಳ್ಳಿ ಹುಡುಗರು ಟಿ.ವಿ.ಯಲ್ಲಿ ಮಿಂಚಿದರು. ಅದೇ ದಾರಿಯಲ್ಲಿ ಹ್ಯಾಂಡ್‌ಬಾಲಿಗೂ ಪ್ರೀಮಿಯರ್ ಲೀಗ್ ಮಾಡುತ್ತೇವೆ ಎಂದು 2020ರಲ್ಲಿ ಘೋಷಣೆಯಾಯಿತು. ಅಷ್ಟರಲ್ಲಿ ಕೊರೊನಾ. ಕಡೆಗೆ ಮೊದಲ ಸೀಸನ್ ನಡೆದದ್ದು 2023ರ ಜೂನ್ 8ರಿಂದ 25ರವರೆಗೆ, ಜೈಪುರದ ಸವಾಯಿ ಮಾನ್‌ಸಿಂಗ್ ಒಳಾಂಗಣ ಕ್ರೀಡಾಂಗಣದಲ್ಲಿ.

ಆರು ತಂಡ: ರಾಜಸ್ಥಾನ ಪೇಟ್ರಿಯಟ್ಸ್, ಮಹಾರಾಷ್ಟ್ರ ಐರನ್‌ಮೆನ್, ಗೋಲ್ಡನ್ ಈಗಲ್ಸ್ ಉತ್ತರ ಪ್ರದೇಶ, ಗರ್ವಿತ್ ಗುಜರಾತ್, ತೆಲುಗು ಟಾಲನ್ಸ್, ದೆಹಲಿ ಪ್ಯಾಂಜರ್ಸ್. ಪ್ರತಿ ತಂಡವೂ ಉಳಿದ ಐದರ ಜೊತೆ ಎರಡೆರಡು ಸಲ ಆಡಬೇಕು. ಅಲ್ಲಿಗೆ ತಂಡಕ್ಕೆ 10 ಪಂದ್ಯ, ಒಟ್ಟು 30. ಮೇಲಿನ ನಾಲ್ಕು ತಂಡಕ್ಕೆ ಸೆಮಿಫೈನಲ್, ಅದರ ಮೇಲೆ ಫೈನಲ್. ಕೂಡಿಸಿದರೆ 33 ಪಂದ್ಯ, 18 ದಿನದಲ್ಲಿ ಮುಗಿಯಿತು. ಫೈನಲಿನಲ್ಲಿ ಮಹಾರಾಷ್ಟ್ರ ಐರನ್‌ಮೆನ್ 38–24ರಿಂದ ಉತ್ತರ ಪ್ರದೇಶವನ್ನು ಹೊಡೆದು ಕಪ್ಪು ಎತ್ತಿತು. ಹೊರದೇಶದ ಆಟಗಾರರೂ ಬಂದು ಆಡಿದರು, ನಮ್ಮ ಹುಡುಗರು ಅವರ ಜೊತೆ ಸಮ ಸಮ ನಿಂತರು.

ಒಳ್ಳೆಯದೇ ಆಯಿತು. ಆದರೆ ಆ ಆರು ಹೆಸರನ್ನು ಇನ್ನೊಂದು ಸಲ ಓದಿ. ಕರ್ನಾಟಕ ಎಲ್ಲಿದೆ? ಇಲ್ಲ. ಗೌರಿಬಿದನೂರಿಗೆ ಕೂಗಳತೆಯಲ್ಲಿ ಹಿಂದೂಪುರ. ಆಚೆ ಕಡೆಯವರಿಗೆ 'ತೆಲುಗು' ಅಂತ ಕೂಗುವುದಕ್ಕೆ ಒಂದು ತಂಡವಾದರೂ ಇತ್ತು, ಈಚೆ ಕಡೆಯವರಿಗೆ ಅದೂ ಇರಲಿಲ್ಲ.

ಇನ್ನೊಂದು ಮಾತು. ಕಪ್ಪು ಗೆದ್ದ ಮಹಾರಾಷ್ಟ್ರದ ತಂಡ ಆ ಸೀಸನ್ನಿನಲ್ಲಿ ಒಂದು ಪಂದ್ಯವನ್ನೂ ಮಹಾರಾಷ್ಟ್ರದ ನೆಲದಲ್ಲಿ ಆಡಲಿಲ್ಲ. ಎಲ್ಲವೂ ಜೈಪುರದಲ್ಲೇ. ಹೆಸರು ಊರಿನದು, ಆಟ ಟಿ.ವಿ.ಯದು. ಹದಿನೆಂಟು ದಿನ ದೀಪ ಉರಿಯಿತು. ಮಿಕ್ಕ 347 ದಿನ ಆಟಗಾರ ಎಲ್ಲಿ ಚೆಂಡು ಹಿಡಿಯಬೇಕು? ಪ್ರಶ್ನೆ ಅಲ್ಲಿದೆ.

ಮೇಷ್ಟ್ರು ಹುಟ್ಟಿಸಿದ ಆಟ

ಈ ಆಟ ಹುಟ್ಟಿದ್ದು ಶಾಲೆಯಲ್ಲಿ. ಡೆನ್ಮಾರ್ಕಿನ ಹೋಲ್ಗರ್ ನೀಲ್ಸನ್ ಎಂಬ ಮೇಷ್ಟ್ರು ಮಕ್ಕಳಿಗೆ ಆಡಿಸುತ್ತಾ ಆಡಿಸುತ್ತಾ 1906ರಲ್ಲಿ ಇದರ ನಿಯಮ ಅಚ್ಚು ಹಾಕಿಸಿದರು. ಫುಟ್‌ಬಾಲ್ ಒದ್ದು ಹುಡುಗರು ಕಿಟಕಿ ಗಾಜು ಒಡೆಯುತ್ತಿದ್ದರು, ಅದಕ್ಕೇ ಕೈಯಲ್ಲಿ ಆಡಿಸಿದರು ಅಂತ ಒಂದು ಕಥೆಯೂ ಇದೆ. ಆಮೇಲೆ ಜರ್ಮನಿಯಲ್ಲಿ ಬೆಳೆಯಿತು. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಬಯಲಿನಲ್ಲಿ, ಕಡೆಗೆ ಹನ್ನೊಂದು ಮಂದಿಯಂತೆ ಆಡಿದರು. ಈಗಿನ ಏಳು ಮಂದಿಯ ಒಳಾಂಗಣ ಆಟ ಒಲಿಂಪಿಕ್ಸಿಗೆ ಬಂದದ್ದು 1972ರಲ್ಲಿ ಮ್ಯೂನಿಕ್‌ನಲ್ಲಿ. ಹೆಂಗಸರಿಗೆ 1976ರಲ್ಲಿ ಮಾಂಟ್ರಿಯಲ್‌ನಲ್ಲಿ.

ಅದೇ 1972ರಲ್ಲಿ ನಮ್ಮ ದೇಶದಲ್ಲೂ ಹ್ಯಾಂಡ್‌ಬಾಲ್ ಫೆಡರೇಷನ್ ಹುಟ್ಟಿತು, ಹರಿಯಾಣದ ರೋಹ್ತಕ್‌ನಲ್ಲಿ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯಿತು. ಆಗ ನಮ್ಮ ನಾಲ್ಕೂ ತಾಲ್ಲೂಕು ಕೋಲಾರ ಜಿಲ್ಲೆಯಲ್ಲಿದ್ದವು. ಏಷ್ಯನ್ ಗೇಮ್ಸಿಗೆ ಈ ಆಟ ಸೇರಿದ್ದು 1982ರಲ್ಲಿ, ದೆಹಲಿಯಲ್ಲಿಯೇ. ಚಿನ್ನ ಚೀನಾಕ್ಕೆ ಹೋಯಿತು. 2016ರಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ನಮ್ಮ ಗಂಡಸರೂ ಹೆಂಗಸರೂ ಚಿನ್ನ ತಂದರು. ಅಂದರೆ ಆಟ ನಿನ್ನೆ ಮೊನ್ನೆ ಬಂದದ್ದಲ್ಲ, ಅರ್ಧ ಶತಮಾನದಿಂದ ಇದೆ. ಇಲ್ಲದಿರುವುದು ಊರಿನ ತಂಡ.

ಶಿಡ್ಲಘಟ್ಟದಷ್ಟೇ ಒಂದು ಊರು

ಊರಿನ ತಂಡ ಅಂದರೆ ಏನು ಅಂತ ತಿಳಿಯಬೇಕಾದರೆ ಜರ್ಮನಿ ನೋಡಬೇಕು. ಅಲ್ಲಿನ ರಾಷ್ಟ್ರೀಯ ಲೀಗಿಗೆ ಬುಂಡೆಸ್‌ಲೀಗಾ ಅಂತಾರೆ. 1966ರಲ್ಲಿ ಉತ್ತರ–ದಕ್ಷಿಣ ಎಂದು ಎರಡು ಗುಂಪಿನಲ್ಲಿ ಶುರುವಾಯಿತು, 1977ರಿಂದ ಇಡೀ ದೇಶಕ್ಕೆ ಒಂದೇ ಗುಂಪು. ಈಗ 18 ತಂಡ. ಪ್ರತಿಯೊಬ್ಬರೂ ಪ್ರತಿಯೊಬ್ಬರ ಜೊತೆ ಎರಡು ಸಲ ಆಡಬೇಕು, ಒಂದು ತನ್ನೂರಲ್ಲಿ, ಒಂದು ಅವನೂರಲ್ಲಿ. ತಂಡಕ್ಕೆ 34 ಪಂದ್ಯ. ಮಳೆಗಾಲದ ಕೊನೆಗೆ ಶುರುವಾದರೆ ಮರುವರ್ಷದ ಬೇಸಿಗೆವರೆಗೆ ನಡೆಯುತ್ತೆ. ಗೆದ್ದರೆ 2 ಅಂಕ, ಸಮ ಆದರೆ 1. ಸೆಮಿಫೈನಲ್ಲೂ ಇಲ್ಲ, ಫೈನಲ್ಲೂ ಇಲ್ಲ. ಕೊನೆಗೆ ಪಟ್ಟಿಯ ತಲೆ ಮೇಲೆ ಇದ್ದವನೇ ಚಾಂಪಿಯನ್. ತಳದಲ್ಲಿ ಉಳಿದ ಎರಡು ತಂಡ ಕೆಳಗಿನ ದರ್ಜೆಗೆ.

ಆ ಲೀಗಿನಲ್ಲಿ ಗುಮ್ಮರ್ಸ್‌ಬಾಖ್ ಅಂತ ಒಂದು ಊರು. ಜನಸಂಖ್ಯೆ ಸುಮಾರು 50 ಸಾವಿರ. 2011ರ ಜನಗಣತಿಯಲ್ಲಿ ನಮ್ಮ ಶಿಡ್ಲಘಟ್ಟ 51 ಸಾವಿರ, ಚಿಕ್ಕಬಳ್ಳಾಪುರ 63 ಸಾವಿರ, ಚಿಂತಾಮಣಿ 76 ಸಾವಿರ, ಗೌರಿಬಿದನೂರು 38 ಸಾವಿರ. ಅಂದರೆ ಚಿಂತಾಮಣಿಯ ಮುಂದೆ ಗುಮ್ಮರ್ಸ್‌ಬಾಖ್ ಸಣ್ಣ ಊರೇ! ಆದರೂ ಆ ಊರಿನ ತಂಡ 12 ಸಲ ಜರ್ಮನಿಯ ಚಾಂಪಿಯನ್, ಐದು ಸಲ ಯುರೋಪಿಗೇ ಚಾಂಪಿಯನ್. 1978ರಲ್ಲಿ ಆಟಗಾರನಾಗಿ, 2007ರಲ್ಲಿ ಕೋಚಾಗಿ ವಿಶ್ವಕಪ್ ಗೆದ್ದ ಹೈನರ್ ಬ್ರಾಂಡ್ ಅದೇ ಊರಿನ ಮಗ.

ಇಂಥ ತಂಡಕ್ಕೂ ಕಷ್ಟ ಬಂತು. 2019ರಲ್ಲಿ ಕೆಳಗಿನ ದರ್ಜೆಗೆ ಬಿತ್ತು. ಮೂರು ವರ್ಷ ಅಲ್ಲೇ ಆಡಿ 2022ರಲ್ಲಿ ಮೇಲೆ ಬಂತು. ತಂಡ ಊರಿನದಾದ್ದರಿಂದ ಬಿದ್ದರೂ ಬಾಗಿಲು ಮುಚ್ಚಲಿಲ್ಲ.

ಅಂಗಡಿಯವರು ಗಮನಿಸಬೇಕಾದ್ದು ಇನ್ನೊಂದಿದೆ. ಅವರ ಈಗಿನ ಆಟದ ಮನೆ 2013ರಲ್ಲಿ ತೆರೆಯಿತು, ನಾಲ್ಕು ಸಾವಿರ ಜನ ಹಿಡಿಯುತ್ತೆ. ಕಟ್ಟಿರುವುದು ಹಿಂದೆ ಬಾಯ್ಲರ್ ಮಾಡುತ್ತಿದ್ದ ಹಳೇ ಕಾರ್ಖಾನೆಯ ಜಾಗದಲ್ಲಿ. ಅದರ ಹೆಸರು 'ಶ್ವಾಲ್ಬೆ'. ಏನದು? ಆ ಕಡೆಯದೇ ಒಂದು ಸೈಕಲ್ ಟೈರಿನ ಬ್ರಾಂಡು! ಊರ ಹತ್ತಿರದ ವ್ಯಾಪಾರ ಊರ ಆಟಕ್ಕೆ ಹೆಗಲು ಕೊಟ್ಟಿದೆ, ಆಟ ವ್ಯಾಪಾರದ ಹೆಸರನ್ನು ದೇಶವೆಲ್ಲ ಹೊತ್ತು ತಿರುಗುತ್ತಿದೆ.

ಶಾಲೆ ಗೋಡೆಗೆ ಹೊಡೆದ ಏಣಿ

ಇನ್ನು ನಮ್ಮ ಕಥೆಗೆ ಬರೋಣ. ನಮ್ಮಲ್ಲಿ ಏಣಿ ಇಲ್ಲ ಅನ್ನುವ ಹಾಗಿಲ್ಲ. ಶಾಲಾ ಕ್ರೀಡಾಕೂಟದ ಪಟ್ಟಿಯಲ್ಲಿ ಕಬಡ್ಡಿ, ಖೋ–ಖೋ ಜೊತೆಗೆ ಹ್ಯಾಂಡ್‌ಬಾಲ್ ಕೂಡ ಇದೆ. ತಾಲ್ಲೂಕಿನಲ್ಲಿ ಗೆದ್ದರೆ ಜಿಲ್ಲೆ, ಅಲ್ಲಿ ಗೆದ್ದರೆ ಬೆಂಗಳೂರು ವಿಭಾಗ, ಆಮೇಲೆ ರಾಜ್ಯ, ಅದರಾಚೆ ರಾಷ್ಟ್ರೀಯ ಶಾಲಾ ಕ್ರೀಡಾಕೂಟ. 14, 17, 19 ವರ್ಷದೊಳಗಿನವರಿಗೆ ಬೇರೆ ಬೇರೆ ವಿಭಾಗ. ಪಿ.ಟಿ. ಮೇಷ್ಟ್ರು ಸುಣ್ಣದ ಗೆರೆ ಎಳೆದು, ಸೀಟಿ ಊದಿ, ತಮ್ಮ ಕೈಲಾದ್ದು ಮಾಡಿಯೇ ಮಾಡುತ್ತಾರೆ.

ಆದರೆ ಆ ಏಣಿಯನ್ನು ಶಾಲೆಯ ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ್ದಾರೆ. ಶಾಲೆ ಬಿಟ್ಟವನಿಗೆ ಏಣಿಯೂ ಇಲ್ಲ. ಡಿಗ್ರಿಗೆ ಸೇರಿದವನಿಗೆ ಅಂತರ ಕಾಲೇಜು ಪಂದ್ಯ ಅಂತ ಏನೋ ಒಂದಿದೆ. ಎಸ್ಸೆಸ್ಸೆಲ್ಸಿಗೋ ಪಿಯುಸಿಗೋ ನಿಂತು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋದವನು, ಚಿಂತಾಮಣಿ ಮಂಡಿಯಲ್ಲಿ ಲೆಕ್ಕ ಬರೆಯುವವನು, ಗೌರಿಬಿದನೂರಿನ ಕಾರ್ಖಾನೆಯಲ್ಲಿ ಷಿಫ್ಟು ಮಾಡುವವನು, ಇವರು ಆಡುವುದೆಲ್ಲಿ? ಓದು ಬಿಟ್ಟ ತಪ್ಪಿಗೆ ಆಟವನ್ನೂ ಬಿಡಬೇಕಾ? ಹುಡುಗನ ತೋಳಿಗೆ ನಿಜವಾದ ಬಲ ಬರುವುದೇ ಹತ್ತೊಂಬತ್ತು ದಾಟಿದ ಮೇಲೆ. ಸರಿಯಾಗಿ ಆ ವಯಸ್ಸಿಗೇ ನಾವು ಚೆಂಡು ಕಿತ್ತುಕೊಳ್ಳುತ್ತೇವೆ.

ಹುಡುಗಿಯರ ಪಾಡು ಇನ್ನೂ ಹೀನ. ಜೈಪುರದ ಲೀಗು ಗಂಡಸರದು ಮಾತ್ರ. ಹೈಸ್ಕೂಲಿನಲ್ಲಿ ಜಿಲ್ಲೆಯವರೆಗೆ ಆಡಿ ಬಂದ ಹುಡುಗಿ ಮನೆ ಸೇರಿದರೆ ಮುಗಿಯಿತು, ಪ್ರಮಾಣಪತ್ರ ಟ್ರಂಕಿನ ತಳಕ್ಕೆ. ರೈಲ್ವೆ, ಸೇನೆ, ಅರೆಸೇನಾ ಪಡೆಗಳಲ್ಲಿ ಆಟಗಾರರಿಗೆ ಕೆಲಸ ಕೊಡುವ ಪದ್ಧತಿ ಇದೆ, ಹ್ಯಾಂಡ್‌ಬಾಲ್ ತಂಡಗಳೂ ಇವೆ. ಆದರೆ ಕೆಲಸ ಕೊಡುವವರು ಇವತ್ತು ಆಡುತ್ತಿರುವವರನ್ನು ನೋಡುತ್ತಾರೆ. ಯಾವತ್ತೋ ಹತ್ತನೇ ಕ್ಲಾಸಿನಲ್ಲಿ ಆಡಿದವರನ್ನು ಯಾರು ಕೇಳುತ್ತಾರೆ?

ನಾಲ್ಕು ಊರಿನ ಲೀಗು ಯಾಕಾಗಬಾರದು?

ಜೈಪುರದವರು ಬಂದು ನಮಗೆ ತಂಡ ಕೊಡಲಿ ಅಂತ ಕಾಯುವುದು ಬೇಡ. ಲೆಕ್ಕ ಹಾಕಿ ನೋಡಿ. ನಾಲ್ಕು ಊರು, ನಾಲ್ಕು ತಂಡ. ಪ್ರತಿಯೊಬ್ಬರೂ ಉಳಿದ ಮೂವರ ಜೊತೆ ಎರಡೆರಡು ಸಲ, ಒಂದು ಇಲ್ಲಿ, ಒಂದು ಅಲ್ಲಿ. ಒಟ್ಟು 12 ಪಂದ್ಯ. ಭಾನುವಾರಕ್ಕೆ ಎರಡು ಪಂದ್ಯವಾದರೆ ಆರು ಭಾನುವಾರಕ್ಕೆ ಲೀಗು ಮುಗಿಯುತ್ತೆ. ಪ್ರತಿ ಊರಿಗೂ ತನ್ನ ನೆಲದಲ್ಲಿ ಮೂರು ಪಂದ್ಯ. ಡಿಸೆಂಬರಿನಲ್ಲಿ ಶುರು ಮಾಡಿದರೆ ಮಳೆ ಕಾಟವಿಲ್ಲ, ಪರೀಕ್ಷೆಗೂ ಅಡ್ಡಿಯಿಲ್ಲ. ಅದೇ ದಿನ, ಅದೇ ಅಂಕಣದಲ್ಲಿ ಮೊದಲು ಹುಡುಗಿಯರ ಪಂದ್ಯ, ಆಮೇಲೆ ಹುಡುಗರದು. ಮಧ್ಯಾಹ್ನ ಮೂರಕ್ಕೆ ಶುರುವಾದರೆ ಆರಕ್ಕೆಲ್ಲ ಮುಗಿದು, ಊರಿಗೆ ಹೋಗುವ ಬಸ್ಸೂ ಸಿಗುತ್ತೆ.

ಜಾಗ ಇಲ್ಲವಾ? ಚಿಕ್ಕಬಳ್ಳಾಪುರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣ ಇದೆ, ಶಿಡ್ಲಘಟ್ಟದಲ್ಲಿ ನೆಹರೂ ಕ್ರೀಡಾಂಗಣ, ಗೌರಿಬಿದನೂರಿನಲ್ಲಿ ನೇತಾಜಿ ಕ್ರೀಡಾಂಗಣ, ಚಿಂತಾಮಣಿಯಲ್ಲಿ ಝಾನ್ಸಿ ಕ್ರೀಡಾಂಗಣ. ಸ್ವಾತಂತ್ರ್ಯ ದಿನ, ಗಣರಾಜ್ಯೋತ್ಸವದ ಪೆಂಡಾಲು ಹಾಕುವ ಮೈದಾನದಲ್ಲಿ ಒಂದು ಮೂಲೆ ಸಾಕು. ಮಣ್ಣು ನೆಲವಾದರೂ ಕಲ್ಲು ಆರಿಸಿ ಗಟ್ಟಿ ಮಾಡಿ ಸುಣ್ಣದ ಗೆರೆ ಎಳೆದರೆ ಆಟಕ್ಕೆ ಅಡ್ಡಿಯಿಲ್ಲ. ಗೋಲು ಕಂಬವನ್ನು ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಕಬ್ಬಿಣದ ಪೈಪಿನಲ್ಲಿ ಮಾಡಿಕೊಡುತ್ತಾರೆ. ಎರಡು ಬಲೆ, ನಾಲ್ಕು ಚೆಂಡು, ಹದಿನಾರು ಬನಿಯನ್ನು. ಇಷ್ಟೇ ಸಾಮಾನು.

ಓಡಾಟದ ಖರ್ಚು? 2023ರ ಜೂನ್ 11ರಂದು, ಜೈಪುರದಲ್ಲಿ ಆ ಲೀಗು ನಡೆಯುತ್ತಿದ್ದಾಗಲೇ, ನಮ್ಮ ರಾಜ್ಯದಲ್ಲಿ ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ತಪ್ಪಿತು. ಗೌರಿಬಿದನೂರಿನ ಹುಡುಗಿಯರ ತಂಡ ಚಿಂತಾಮಣಿಗೆ ಹೋಗಿ ಆಡಿ ಬರಲು ಬಸ್ ಚಾರ್ಜಿನ ಚಿಂತೆಯೇ ಇಲ್ಲ. ಜೊತೆಗೆ ಹೋಗುವ ಒಬ್ಬ ಟೀಚರಮ್ಮ ಇದ್ದರೆ ಸಾಕು. ಹುಡುಗರ ಬಸ್ ಚಾರ್ಜನ್ನು ಊರಿನ ವರ್ತಕರು ಸರದಿಯಂತೆ ಹೊತ್ತುಕೊಳ್ಳಲಾರರಾ?

ವರ್ತಕ ಮಹನೀಯರಿಗೆ ಒಂದು ಮಾತು. ಗಣೇಶನ ಹಬ್ಬಕ್ಕೆ ಚಂದಾ ಕೊಡುತ್ತೀರಿ, ಟೆನಿಸ್ ಬಾಲ್ ಕ್ರಿಕೆಟ್ಟಿಗೆ ಆಳೆತ್ತರದ ಟ್ರೋಫಿ ಕೊಡುತ್ತೀರಿ, ನಿಮ್ಮ ಫೋಟೊ ಇರುವ ಫ್ಲೆಕ್ಸು ಮಾರನೇ ದಿನ ಗಾಳಿಗೆ ಹರಿದು ಚರಂಡಿ ಸೇರುತ್ತೆ. ಅದರಲ್ಲಿ ಒಂದು ಪಾಲು ಊರಿನ ತಂಡದ ಬನಿಯನ್ನಿಗೆ ಕೊಟ್ಟು ನೋಡಿ. ನಿಮ್ಮ ಅಂಗಡಿಯ ಹೆಸರು ಆರು ಭಾನುವಾರ ನಾಲ್ಕು ಊರು ಸುತ್ತುತ್ತೆ. ಪಂದ್ಯ ನೋಡಲು ಪಕ್ಕದೂರಿಂದ ಬಂದವರು ಟೀ ಕುಡಿಯದೆ, ಬೋಂಡ ತಿನ್ನದೆ ವಾಪಸ್ ಹೋಗುತ್ತಾರಾ?

ಕ್ರೀಡಾ ಇಲಾಖೆಯವರು ಮೈದಾನದ ಬಾಗಿಲು ತೆರೆದು ಕೊಡಬೇಕು, ನಗರಸಭೆಯವರು ಕಲ್ಲು ಆರಿಸಿ ನೆಲ ಸರಿ ಮಾಡಿಸಬೇಕು, ಪಿ.ಟಿ. ಮೇಷ್ಟ್ರುಗಳು ತಮ್ಮ ಹಳೇ ವಿದ್ಯಾರ್ಥಿಗಳ ಪಟ್ಟಿ ತೆಗೆಯಬೇಕು. ಆ ಪಟ್ಟಿಯಲ್ಲಿರುವ ಹೆಸರುಗಳು ಈಗ ಎಲ್ಲಿವೆ ಅಂತ ಮೇಷ್ಟ್ರುಗಳಿಗೇ ಗೊತ್ತು: ಒಬ್ಬ ಗ್ಯಾರೇಜಿನಲ್ಲಿ, ಒಬ್ಬಳು ಹೊಲಿಗೆ ಮಷೀನಿನ ಮುಂದೆ, ಇನ್ನೊಬ್ಬ ಟೊಮೊಟೊ ಲಾರಿಯ ಮೇಲೆ. ಕರೆ ಹೋದರೆ ಭಾನುವಾರ ಮಧ್ಯಾಹ್ನ ಮೂರಕ್ಕೆ ಎಲ್ಲರೂ ಬರುತ್ತಾರೆ.

ಮುಂದಿನ ಡಿಸೆಂಬರಿಗೆ ಇನ್ನೂ ಸಮಯವಿದೆ. ಮೊದಲು ಗೋಲು ಕಂಬ ನೆಡುವ ಊರು ನಾಲ್ಕರಲ್ಲಿ ಯಾವುದು, ನೋಡೋಣ.